ಚೆಸ್ ಆಡುವ ಮಗುವಿಗೂ ಮೈದಾನ ಬೇಕು

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯಲ್ಲಿ ಏರ್ಪಡಿಸಿದ್ದ ಚೆಸ್ ಪಂದ್ಯದ ಬಹುಮಾನ ವಿತರಣೆಯ ದಿನ, ಶಾಲೆಯ ಹಳೆಯ ವಿದ್ಯಾರ್ಥಿಯೂ ಫಿಸಿಯೋಥೆರಪಿಸ್ಟರೂ ಆದವರೊಬ್ಬರು ಮಾಡಿದ ಭಾಷಣದ ಬರಹ ರೂಪ.)



ಚೆಸ್ ಪಂದ್ಯದ ಸಮಾರಂಭಕ್ಕೆ ಫಿಸಿಯೋಥೆರಪಿಸ್ಟನ್ನು ಯಾಕೆ ಕರೆದರು ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಕಬಡ್ಡಿ ಆಡಿದವನ ಮಂಡಿ ಹೋಗುತ್ತದೆ, ವಾಲಿಬಾಲ್ ಆಡಿದವಳ ಬೆರಳು ಉಳುಕುತ್ತದೆ. ಚೆಸ್ ಆಡಿದವರಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇವತ್ತಿನ ಕೆಲಸ. ನಾನು ಚೆಸ್ ಪಂಡಿತನಲ್ಲ. ಆನೆ ಎಲ್ಲಿ, ಒಂಟೆ ಎಲ್ಲಿ ಎಂದು ಗೊತ್ತು, ಅಷ್ಟೇ. ಆದರೆ ಕತ್ತು, ಬೆನ್ನು, ಮಣಿಕಟ್ಟು ನೋವೆಂದು ಬರುವವರನ್ನು ದಿನವೂ ನೋಡುವವನು ನಾನು. ಅವರಲ್ಲಿ ಈಚೆಗೆ ಹತ್ತು, ಹನ್ನೆರಡು ವರ್ಷದ ಮಕ್ಕಳೂ ಸೇರಿದ್ದಾರೆ. ಅದಕ್ಕೇ ಈ ಮಾತು.

ಮೊದಲಿಗೆ ಹೆಮ್ಮೆಯ ವಿಷಯ. ನಮ್ಮ ನಾಡಿಗೆ ಚದುರಂಗ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಮುಳುಗಿದ್ದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಕುದುರೆ ಒಂದು ಮನೆಯನ್ನೂ ಎರಡನೇ ಸಲ ಮುಟ್ಟದೆ 64 ಮನೆಗಳನ್ನು ಸುತ್ತುವ ಒಗಟನ್ನೂ ಅವರು ರಚಿಸಿದ್ದರು. ಈ ಕಾಲಕ್ಕೆ ಬಂದರೆ, ಮೈಸೂರಿನ ರೈಲ್ವೆ ನೌಕರ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ಬೆಂಗಳೂರಿನ ಹುಡುಗ ಪ್ರಣವ್ ಆನಂದ್ 2022ರಲ್ಲಿ ರುಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ, ಗ್ರ್ಯಾಂಡ್‌ಮಾಸ್ಟರ್ ಕೂಡ ಆದ. ದೃಷ್ಟಿದೋಷವಿದ್ದೂ ರಾಷ್ಟ್ರಮಟ್ಟದಲ್ಲಿ, ಏಷ್ಯಾ ಮಟ್ಟದಲ್ಲಿ ಗೆದ್ದ ಶಿವಮೊಗ್ಗ ಜಿಲ್ಲೆಯ ಕಿಶನ್ ಗಂಗೊಳ್ಳಿ ನಮ್ಮವರೇ. ಇವರನ್ನೆಲ್ಲ ನೋಡಿ ನಮ್ಮ ಬಡಾವಣೆಯ ಮನೆಮನೆಯಲ್ಲೂ ಇವತ್ತು ಬೋರ್ಡ್ ಬಂದಿದೆ. ಸಂತೋಷ.

ಇದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬಂದಿದೆ. “ಅವನು ಚೆಸ್ ಆಡೋನು, ಅವನಿಗೆ ಗ್ರೌಂಡ್ ಯಾಕೆ?” ಎನ್ನುವುದು ಆ ಮಾತು. ಪಿ.ಟಿ. ಪೀರಿಯಡ್‌ನಲ್ಲಿ ಎಲ್ಲರೂ ಹೊರಗೆ ಓಡುತ್ತಿದ್ದರೆ ಚೆಸ್ ಮಕ್ಕಳು ಮಾತ್ರ ಕೊಠಡಿಯಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ಸಂಜೆ ಕೋಚಿಂಗ್, ರಾತ್ರಿ ಮೊಬೈಲ್‌ನಲ್ಲಿ ಆಟ, ಭಾನುವಾರ ಟೂರ್ನಮೆಂಟ್. ವಾರಪೂರ್ತಿ ಆ ಮಗು ಕೂತೇ ಇರುತ್ತದೆ. ನಾನು ಹೇಳಬೇಕೆಂದಿರುವುದು ಇದಕ್ಕೆ ಸಂಬಂಧಪಟ್ಟ ಒಂದೇ ಮಾತು. ಚೆಸ್ ಆಡುವ ಮಗುವಿಗೆ ಮೈದಾನ ಬೇರೆ ಮಕ್ಕಳಿಗಿಂತ ಹೆಚ್ಚು ಬೇಕು.

ಕೂತು ಆಡುವ ಆಟವೂ ಮೈಯ ಆಟವೇ

ದೊಡ್ಡ ಪಂದ್ಯಗಳಲ್ಲಿ ಒಬ್ಬೊಬ್ಬರಿಗೂ 90 ನಿಮಿಷ, ಪ್ರತಿ ನಡೆಗೂ 30 ಸೆಕೆಂಡ್ ಹೆಚ್ಚುವರಿ ಸಿಗುವ ಪದ್ಧತಿ ಸಾಮಾನ್ಯ. ಆಟ 60 ನಡೆ ಹೋದರೆ ಇಬ್ಬರದೂ ಸೇರಿ 4 ಗಂಟೆ ಆಗಬಹುದು. ಎಷ್ಟೋ ಪಂದ್ಯಗಳಲ್ಲಿ ದಿನಕ್ಕೆ ಎರಡು ಸುತ್ತು. ನಮ್ಮ ಮಕ್ಕಳು ಹೆಚ್ಚಾಗಿ ಆಡುವ ರ‍್ಯಾಪಿಡ್ ಪಂದ್ಯದಲ್ಲಿ ಒಂದೇ ದಿನ ಆರೇಳು ಸುತ್ತು. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಬಗ್ಗಿ ಕೂರುವ ಮೈಗೆ ಆಯಾಸವಾಗದೇ ಇರುತ್ತದೆಯೇ?

ಇತಿಹಾಸದ ಒಂದು ದೊಡ್ಡ ಉದಾಹರಣೆ ನೋಡಿ. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ನಡುವೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ಪಂದ್ಯ ಶುರುವಾಯಿತು. ಮೊದಲು ಆರು ಆಟ ಗೆದ್ದವರು ಚಾಂಪಿಯನ್ ಎಂದು ನಿಯಮ. ಐದು ತಿಂಗಳು ಕಳೆದು 48 ಆಟ ಮುಗಿದರೂ ತೀರ್ಮಾನವಾಗಲಿಲ್ಲ. ಅವುಗಳಲ್ಲಿ 40 ಡ್ರಾ. ಕಾರ್ಪೋವ್ ಸುಮಾರು 10 ಕೆ.ಜಿ. ಇಳಿದುಹೋಗಿದ್ದರೆಂದು ಆಗ ಸುದ್ದಿಯಾಗಿತ್ತು. ಕೊನೆಗೆ 1985ರ ಫೆಬ್ರವರಿ 15ರಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರೇ ಪಂದ್ಯವನ್ನು ನಿಲ್ಲಿಸಿದರು. ಮುಂದಿನ ಪಂದ್ಯಕ್ಕೆ 24 ಆಟಗಳ ಮಿತಿ ಬಂತು.

ಅಂದರೆ ಚೆಸ್ ಆಟಗಾರರು ಕೂತಲ್ಲೇ ಬೆವರು ಸುರಿಸಿ ಕೊಬ್ಬು ಕರಗಿಸುತ್ತಾರೆಯೇ? ಚೆಸ್ ಆಡಿದರೆ ದಿನಕ್ಕೆ 6000 ಕ್ಯಾಲೊರಿ ಖರ್ಚಾಗುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದನ್ನು ನಂಬಿ ಮಗುವಿಗೆ ಸಿಕ್ಕಾಪಟ್ಟೆ ತಿನ್ನಿಸಬೇಡಿ. ನಮ್ಮ ಮಿದುಳು ಮೈಯ ತೂಕದ ನೂರಕ್ಕೆ 2ರಷ್ಟು ಮಾತ್ರ ಇದ್ದರೂ ಸುಮ್ಮನಿದ್ದಾಗಲೇ ಮೈಯ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ಬಳಸುತ್ತದೆ, ನಿಜ. ಆದರೆ ಗಾಢವಾಗಿ ಯೋಚಿಸಿದರೆ ಆ ಖರ್ಚು ಬಹಳ ಸ್ವಲ್ಪ ಮಾತ್ರ ಏರುತ್ತದೆ. ಆಟದ ಒತ್ತಡದಲ್ಲಿ ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಸ್ನಾಯು ಬಿಗಿಯುತ್ತದೆ, ಹಸಿವು ಸಾಯುತ್ತದೆ, ನಿದ್ದೆ ಕೆಡುತ್ತದೆ. ಆಟಗಾರ ಸೊರಗುವುದು ಈ ಕಾರಣಗಳಿಗೆ. ಆದ್ದರಿಂದ ನಾವು ಕಾಪಾಡಬೇಕಾದದ್ದೂ ಇವುಗಳನ್ನೇ.

ದೊಡ್ಡ ಆಟಗಾರರಿಗೆ ಇದು ಚೆನ್ನಾಗಿ ಗೊತ್ತು. ಬಾಬಿ ಫಿಷರ್ 1972ರ ಪಂದ್ಯಕ್ಕೆ ಮೊದಲು ಈಜು, ಟೆನಿಸ್ ಬಿಡಲಿಲ್ಲ. ನಾರ್ವೆಯ ಕಾರ್ಲ್‌ಸನ್ ಫುಟ್‌ಬಾಲ್ ಆಡುವವರು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ನಮ್ಮ ಗುಕೇಶ್ ಜೊತೆ ಪ್ಯಾಡಿ ಅಪ್ಟನ್ ಕೆಲಸ ಮಾಡಿದ್ದರು. 2011ರಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಮನಸ್ಸನ್ನು ಹದಗೊಳಿಸಿದವರೂ ಇದೇ ಅಪ್ಟನ್.

ಕತ್ತು ಮತ್ತು ಬೆನ್ನು

ಈಗ ನನ್ನ ಕಸುಬಿಗೆ ಬರುತ್ತೇನೆ. ಒಂದು ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಹೊತ್ತರೆ ದೂರ ನಡೆಯಬಹುದು. ಅದನ್ನೇ ಕೈ ಮುಂದಕ್ಕೆ ಚಾಚಿ ಹಿಡಿಯಿರಿ, ಎರಡು ನಿಮಿಷಕ್ಕೆ ಕೈ ನಡುಗುತ್ತದೆ. ನಮ್ಮ ತಲೆಯೂ ಹಾಗೆಯೇ. ದೊಡ್ಡವರ ತಲೆ ಸುಮಾರು 5 ಕೆ.ಜಿ. ತೂಗುತ್ತದೆ. ಅದು ಭುಜದ ನೇರಕ್ಕಿದ್ದರೆ ಬೆನ್ನೆಲುಬು ಹೊರುತ್ತದೆ. ಬೋರ್ಡಿನ ಮೇಲೆ ಮುಂದಕ್ಕೆ ಬಾಗಿದರೆ ಕತ್ತಿನ ಹಿಂದಿನ ಸ್ನಾಯುಗಳೇ ಎಳೆದು ಹಿಡಿಯಬೇಕು. ಗಂಟೆಗಟ್ಟಲೆ ಎಳೆದು ಹಿಡಿದ ಮೇಲೆ ಕತ್ತು ನೋವು, ಹೆಗಲ ನೋವು, ತಲೆಯ ಹಿಂಭಾಗದಿಂದ ಹಣೆಗೆ ಬರುವ ನೋವು ಶುರುವಾಗುತ್ತದೆ. ಎಷ್ಟೋ ತಾಯಂದಿರು “ಚೆಸ್ ಆಡಿ ಆಡಿ ತಲೆನೋವು ಬಂತು” ಎನ್ನುತ್ತಾರೆ. ಅದು ಯೋಚನೆಯಿಂದ ಬಂದದ್ದಕ್ಕಿಂತ ಕತ್ತಿನಿಂದ ಬಂದದ್ದೇ ಹೆಚ್ಚು ಸಲ.

ಮಕ್ಕಳಿಗೆ ಇನ್ನೊಂದು ತೊಂದರೆಯಿದೆ. ಪಂದ್ಯ ನಡೆಯುವುದು ಕಲ್ಯಾಣ ಮಂಟಪದಲ್ಲೋ ಕಾಲೇಜು ಸಭಾಂಗಣದಲ್ಲೋ. ಮೇಜು, ಕುರ್ಚಿ ದೊಡ್ಡವರ ಅಳತೆಯವು. ಎಂಟು ವರ್ಷದ ಮಗುವಿನ ಕಾಲು ನೆಲಕ್ಕೆ ಎಟಕುವುದಿಲ್ಲ, ಮೇಜು ಎದೆಯ ಮಟ್ಟಕ್ಕೆ ಬರುತ್ತದೆ. ಎದುರಿನ ಸಾಲಿನ ಕಾಯಿ ನಡೆಸಲು ಮಗು ಕುರ್ಚಿಯ ಮೇಲೆ ಮಂಡಿಯೂರಿ ಏಳುತ್ತದೆ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಮನೆಯಿಂದ ಒಂದು ಗಟ್ಟಿ ದಿಂಬು ಅಥವಾ ಮಡಿಸಿದ ಜಮಖಾನ ತನ್ನಿ, ಮಗುವಿನ ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಎತ್ತರ ಮಾಡಿ ಕೂರಿಸಿ. ನೇತಾಡುವ ಕಾಲಿನ ಕೆಳಗೆ ಪುಸ್ತಕ ತುಂಬಿದ ಸ್ಕೂಲ್ ಬ್ಯಾಗ್ ಇಡಿ. ಬೆನ್ನು ಕುರ್ಚಿಗೆ ತಾಗಲಿ. ಮೇಜಿನ ಕೆಳಗೆ ಇಡುವ ವಸ್ತುವನ್ನು ಮೊದಲೇ ಆರ್ಬಿಟರ್‌ಗೆ ತೋರಿಸಿಬಿಡಿ, ಯಾರಿಗೂ ಅನುಮಾನ ಬರುವುದಿಲ್ಲ.

ಎಷ್ಟು ಚೆನ್ನಾಗಿ ಕೂತರೂ ಬಹಳ ಹೊತ್ತು ಕೂತರೆ ನೋವೇ. ಅದಕ್ಕೆ ಏಳಬೇಕು. “ಎದ್ದರೆ ಬೈತಾರೆ” ಎಂದು ಮಕ್ಕಳು ಹೆದರಿ ಕೂತಿರುತ್ತಾರೆ. ನಿಯಮ ಹಾಗಿಲ್ಲ. ನಿಮ್ಮ ಗಡಿಯಾರ ಓಡುತ್ತಿರುವಾಗ, ಅಂದರೆ ನಡೆ ನಿಮ್ಮದಿರುವಾಗ, ಆರ್ಬಿಟರ್ ಅನುಮತಿಯಿಲ್ಲದೆ ಆಡುವ ಜಾಗ ಬಿಟ್ಟು ಹೋಗುವಂತಿಲ್ಲ. ಎದುರಾಳಿ ಯೋಚಿಸುತ್ತಿರುವಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ನೀರು ಕುಡಿಯಬಹುದು, ಶೌಚಾಲಯಕ್ಕೆ ಹೋಗಿಬರಬಹುದು. ಪಂದ್ಯದ ಆವರಣದಿಂದಲೇ ಹೊರಗೆ ಹೋಗಬೇಕಾದರೆ ಕೇಳಬೇಕು. ಕೆಲವು ಪಂದ್ಯಗಳಲ್ಲಿ ಪ್ರತಿ ಸಲವೂ ಹೇಳಿ ಹೋಗಿ ಎನ್ನುತ್ತಾರೆ. ಹೇಳಿ ಹೋದರಾಯಿತು. ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವುದನ್ನು ನೋಡಿ, ನಡೆ ಮಾಡಿದ ಕೂಡಲೇ ಎದ್ದು ಓಡಾಡುತ್ತಿರುತ್ತಾರೆ.

ಮಕ್ಕಳೇ, ಈಗ ನನ್ನ ಜೊತೆ ಎಲ್ಲರೂ ನಾಲ್ಕು ಕೆಲಸ ಮಾಡಿ. ಒಂದು, ಮುಖ ಎತ್ತದೆ, ಬಗ್ಗಿಸದೆ ಗಲ್ಲವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸಿ. ಎರಡು, ಎರಡೂ ಹೆಗಲ ಮೂಳೆಗಳನ್ನು ಬೆನ್ನ ಹಿಂದೆ ಹತ್ತಿರ ತಂದು ಐದು ಎಣಿಸಿ. ಮೂರು, ಎದ್ದು ನಿಂತು ಎರಡೂ ಕೈ ಸೊಂಟದ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ಬಾಗಿ. ನಾಲ್ಕು, ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ. ಒಂದು ನಿಮಿಷವೂ ಆಗಲಿಲ್ಲ. ಸುತ್ತು ಸುತ್ತಿನ ನಡುವೆ ಇಷ್ಟು ಮಾಡಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅರ್ಧ ಗಂಟೆಗೊಮ್ಮೆ ಎದ್ದು ಮಾಡಿ.

ಕೈ ಮತ್ತು ಬೆರಳು

ಚೆಸ್‌ನಲ್ಲಿ ಬೆರಳು ಮುರಿದ ಪ್ರಸಂಗ ಕೇಳಿದ್ದೀರಾ? 2022ರ ಜುಲೈನಲ್ಲಿ ಮಾಸ್ಕೋದಲ್ಲಿ ಚೆಸ್ ಆಡುವ ರೋಬೊ ಒಂದು ಎದುರು ಕೂತಿದ್ದ ಏಳು ವರ್ಷದ ಹುಡುಗನ ಬೆರಳನ್ನು ಹಿಡಿದು ಮುರಿದೇಬಿಟ್ಟಿತು. ನಗಬೇಡಿ, ನಿಜವಾಗಿ ನಡೆದದ್ದು. ನಮ್ಮ ಮಕ್ಕಳಿಗೆ ಅಂಥ ಭಯವಿಲ್ಲ. ನಮ್ಮಲ್ಲಿ ಕೈಗೆ ತೊಂದರೆ ಬರುವುದು ಬ್ಲಿಟ್ಜ್‌ನಿಂದ ಮತ್ತು ಮೊಬೈಲ್‌ನಿಂದ.

ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕೆಂಬುದು ನಿಯಮ. ಮೂರು ನಿಮಿಷದ ಆಟದಲ್ಲಿ ಕೊನೆಯ ಅರ್ಧ ನಿಮಿಷಕ್ಕೆ ಬಂದಾಗ ಗಡಿಯಾರವನ್ನು ಗುದ್ದುವವರಿದ್ದಾರೆ. ಗುದ್ದಿದರೆ ಕಾಲ ಉಳಿಯುವುದಿಲ್ಲ, ಮಣಿಕಟ್ಟಿಗೆ ಪೆಟ್ಟು ಬೀಳುತ್ತದೆ, ಆರ್ಬಿಟರ್ ಎಚ್ಚರಿಕೆಯೂ ಕೊಡಬಹುದು. ಗಡಿಯಾರವನ್ನು ಬೆರಳ ತುದಿಯಿಂದ ಒತ್ತಿದರೆ ಸಾಕು. ಇನ್ನು ಮೊಬೈಲ್‌ನಲ್ಲಿ ಗಂಟೆಗಟ್ಟಲೆ ಬ್ಲಿಟ್ಜ್ ಆಡಿದರೆ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಕಾಣಿಸುತ್ತದೆ. ಮೌಸ್ ಹಿಡಿದು ಆಡುವವರಿಗೆ ಮಣಿಕಟ್ಟಿನ ಕೆಳಗೆ ನರ ಒತ್ತಿ ಬೆರಳು ಜುಮ್ಮೆನ್ನಬಹುದು. ಮೊಣಕೈಗೆ ಆಧಾರ ಕೊಟ್ಟು, ಮಣಿಕಟ್ಟು ನೇರವಾಗಿಟ್ಟು ಆಡಿ. ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ.

ಕಣ್ಣು

ಹತ್ತಿರದ ಕೆಲಸವನ್ನೇ ಮಾಡುತ್ತಿದ್ದರೆ ದೂರದ್ದು ಮಸುಕಾಗುವ ದೋಷ ಮಕ್ಕಳಲ್ಲಿ ಹೆಚ್ಚುತ್ತಿದೆ. ಬೋರ್ಡ್, ಪುಸ್ತಕ, ಮೊಬೈಲ್ ಎಲ್ಲವೂ ಹತ್ತಿರದವೇ. ಇದಕ್ಕೆ ಒಳ್ಳೆಯ ತಡೆ ಹೊರಗಿನ ಬೆಳಕು. ಚೀನಾದ ಗ್ವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಆಡಿಸಿದರು, ಉಳಿದ ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷದ ನಂತರ ಹೊರಗೆ ಆಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ, ಉಳಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಈ ದೋಷ ಬಂದಿತ್ತು. 2015ರಲ್ಲಿ ಇದು ಪ್ರಕಟವಾಯಿತು. ದಿನಕ್ಕೆ ಒಂದು ಪೀರಿಯಡ್ ಬಿಸಿಲು, ಅಷ್ಟೇ. ಯಾವ ಕನ್ನಡಕದ ಅಂಗಡಿಯೂ ಇಷ್ಟು ಅಗ್ಗದಲ್ಲಿ ಕೊಡಲಾರದು.

ಜೊತೆಗೆ, ಸ್ಕ್ರೀನ್ ನೋಡುವಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಮಗು ಬೋರ್ಡಿಗೆ ಮೂಗು ತಾಗುವಂತೆ ಬಗ್ಗುತ್ತಿದ್ದರೆ, ತರಗತಿಯಲ್ಲಿ ಕಪ್ಪುಹಲಗೆ ಕಾಣುತ್ತಿಲ್ಲವೆಂದರೆ ಕಣ್ಣು ತೋರಿಸಿ. ನಮಗೆ ಮಿಂಟೋ ಕಣ್ಣಾಸ್ಪತ್ರೆಯಿದೆ. ಕನ್ನಡಕ ಹಾಕಿದರೆ ಮಗಳ ಮದುವೆಗೆ ತೊಂದರೆ ಎನ್ನುವ ಕಾಲ ಹೋಯಿತು, ಹೋಗಲಿ.

ನೀರು, ಊಟ, ಶೌಚಾಲಯ

ಪಂದ್ಯದ ದಿನ ನೀರು ಕುಡಿಯದ ಮಕ್ಕಳು ಬಹಳ. ಕಾರಣ ಕೇಳಿದರೆ ಶೌಚಾಲಯ ಚೆನ್ನಾಗಿಲ್ಲ, ಅಥವಾ ಎದ್ದು ಹೋದರೆ ಸಮಯ ಹೋಗುತ್ತದೆ ಎನ್ನುತ್ತಾರೆ. ಹೆಣ್ಣುಮಕ್ಕಳಂತೂ ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆಯವರೆಗೂ ಕಟ್ಟಿಕೊಂಡಿರುತ್ತಾರೆ. ಮೂತ್ರ ಕಟ್ಟುವುದು, ನೀರು ಕಡಿಮೆ ಕುಡಿಯುವುದು ಎರಡೂ ಸೇರಿದರೆ ಮೂತ್ರದ ಸೋಂಕು, ಉರಿ, ಜ್ವರ. ತಲೆನೋವು, ಮಂಕು ಬೇರೆ. ಪಂದ್ಯ ಏರ್ಪಡಿಸುವವರಲ್ಲಿ ನನ್ನ ವಿನಂತಿ: ಟ್ರೋಫಿ ಎರಡು ಇಂಚು ಚಿಕ್ಕದಾದರೂ ಪರವಾಗಿಲ್ಲ, ಶೌಚಾಲಯದಲ್ಲಿ ನೀರು, ಸೋಪು, ಚಿಲಕ ಇರಲಿ. ಮುಟ್ಟಿನ ದಿನ ಬಂದ ಹುಡುಗಿಗೆ ಪ್ಯಾಡ್ ಕೊಡಲು, ಮಾತಾಡಿಸಲು ಒಬ್ಬ ಮಹಿಳಾ ಸ್ವಯಂಸೇವಕಿ ಇರಲಿ. 2022ರಲ್ಲಿ ಮಾಮಲ್ಲಪುರಂನಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ ದ್ರೋಣವಲ್ಲಿ ಹಾರಿಕಾ ತುಂಬು ಗರ್ಭಿಣಿಯಾಗಿಯೇ ಆಡಿ ಭಾರತದ ಮಹಿಳಾ ತಂಡಕ್ಕೆ ಕಂಚು ಬರಲು ನೆರವಾದರು. ಅವರಿಗೆ ಬೇಕಾದ ವೈದ್ಯಕೀಯ ಏರ್ಪಾಡು ಅಲ್ಲಿತ್ತು. ನಮ್ಮ ಹುಡುಗಿಯರಿಗೆ ನಾವು ಕನಿಷ್ಠ ಒಂದು ಚಿಲಕವಿರುವ ಬಾಗಿಲು ಕೊಡಬೇಡವೇ?

ಊಟದ ವಿಷಯ. ಮಧ್ಯಾಹ್ನದ ಸುತ್ತಿಗೆ ಮೊದಲು ಹೊಟ್ಟೆ ಬಿರಿಯುವಂತೆ ಬಿರಿಯಾನಿ ತಿಂದರೆ ಆ ಸುತ್ತಿನಲ್ಲಿ ಎದುರಾಳಿಗಿಂತ ನಿದ್ದೆಯೇ ದೊಡ್ಡ ಎದುರಾಳಿ. ಖಾಲಿ ಹೊಟ್ಟೆಯೂ ಬೇಡ. ಬೆಳಗ್ಗೆ ಇಡ್ಲಿ, ಉಪ್ಪಿಟ್ಟು, ರಾಗಿ ಗಂಜಿ, ಮೊಟ್ಟೆ ಯಾವುದು ರೂಢಿಯೋ ಅದು. ಮಧ್ಯಾಹ್ನ ಮಿತವಾದ ಅನ್ನ ಸಾರು, ಕಾಳಿನ ಪಲ್ಯ, ಮಜ್ಜಿಗೆ. ಡಬ್ಬಿಯಲ್ಲಿ ಬಾಳೆಹಣ್ಣು, ಕಡ್ಲೆಕಾಯಿ, ಹುರಿಗಡಲೆ. ಪಂದ್ಯದ ದಿನ ಹೊಸ ತಿಂಡಿಯ ಪರೀಕ್ಷೆ ಮಾಡಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಮಗುವಾದರೆ ಆರ್ಬಿಟರ್‌ಗೆ ಮೊದಲೇ ತಿಳಿಸಿ, ಊಟದ ಹೊತ್ತು ತಪ್ಪಿಸಬೇಡಿ, ಸಕ್ಕರೆ ಇಳಿದರೆ ಬಾಯಿಗೆ ಹಾಕಲು ಗ್ಲೂಕೋಸ್ ಕೈಯಲ್ಲಿರಲಿ.

ಈಗ ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್. ಹತ್ತನೇ ತರಗತಿಯ ಹುಡುಗರ ಕೈಯಲ್ಲೂ ನೋಡಿದ್ದೇನೆ. ಆ ಡಬ್ಬಿಯನ್ನು ತಿರುಗಿಸಿ ಓದಿ. ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕದ್ದಲ್ಲ ಎಂದು ಅದರ ಮೇಲೇ ಬರೆದಿರಬೇಕೆಂದು ಆಹಾರ ಸುರಕ್ಷತೆಯ ನಿಯಮವಿದೆ. ಕೈ ನಡುಕ, ಎದೆಬಡಿತ, ರಾತ್ರಿ ನಿದ್ದೆಗೇಡು ಅದರ ಫಲ. ಬುದ್ಧಿ ಚುರುಕಾಗುತ್ತದೆಂದು ಮಾತ್ರೆ ನುಂಗುವವರೂ ಪ್ರಪಂಚದಲ್ಲಿದ್ದಾರೆ. ಜರ್ಮನಿಯ ಮೈಂಜ್‌ನಲ್ಲಿ 39 ಆಟಗಾರರಿಗೆ ಇಂಥ ಔಷಧ ಹಾಗೂ ಕೆಫೀನ್ ಕೊಟ್ಟು ಪರೀಕ್ಷಿಸಿದರು. ಅವರು ಪ್ರತಿ ನಡೆಗೂ ಹೆಚ್ಚು ಹೊತ್ತು ಯೋಚಿಸಿದರು, ಹಾಗಾಗಿ ಸಮಯ ಮುಗಿದು ಸೋಲುವುದೂ ಹೆಚ್ಚಾಯಿತು. ಅಲ್ಲದೆ ಚೆಸ್‌ನಲ್ಲೂ ಉದ್ದೀಪನ ಮದ್ದಿನ ತಪಾಸಣೆಯ ನಿಯಮಗಳಿವೆ. ವೈದ್ಯರು ಬರೆದುಕೊಟ್ಟ ಔಷಧಿಯ ಮಾತು ಬೇರೆ, ಅದನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ನಿದ್ದೆ ಮತ್ತು ಪ್ರಯಾಣ

6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಕಲಿತ ಓಪನಿಂಗ್ ನೆನಪಿನಲ್ಲಿ ಕೂರುವುದಕ್ಕೂ ನಿದ್ದೆ ಬೇಕು. ಪಂದ್ಯದ ಹಿಂದಿನ ರಾತ್ರಿ ಹನ್ನೆರಡರವರೆಗೆ ಹೊಸ ಪಾಠ ತುರುಕುವ ತಂದೆ ತಾಯಂದಿರು ಇದನ್ನು ಗಮನಿಸಬೇಕು.

ಪ್ರಯಾಣವೂ ಹಾಗೆಯೇ. ಟಿನ್ ಫ್ಯಾಕ್ಟರಿ ದಾಟಿ ಊರಿನ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ದೊಡ್ಡವರಿಗೇ ಸುಸ್ತಾಗುತ್ತದೆ. ಹಾರ್ನ್, ಹೊಗೆ, ಬಸ್ಸಿನ ನೂಕುನುಗ್ಗಲು ಮುಗಿಸಿ ಬಂದ ಮಗು ಬೋರ್ಡಿನ ಮುಂದೆ ಕೂತ ಕೂಡಲೇ ಗಡಿಯಾರ ಒತ್ತುತ್ತಾರೆ. ಅರ್ಧ ಗಂಟೆ ಮೊದಲೇ ತಲುಪಿ, ಹತ್ತು ನಿಮಿಷ ನಡೆದಾಡಿಸಿ. ಹೊರ ಊರಿನ ಪಂದ್ಯಕ್ಕೆ ಕೃಷ್ಣರಾಜಪುರದಲ್ಲಿ ರಾತ್ರಿ ರೈಲು ಹತ್ತಿದರೆ, ಸಾಧ್ಯವಾದರೆ ಒಂದು ದಿನ ಮೊದಲೇ ತಲುಪುವಂತೆ ಹೊರಡಿ. ಜೊತೆಗೆ ಹೋಗುವ ದೊಡ್ಡವರಿಗೂ ಒಂದು ಮಾತು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ನಡುನಡುವೆ ಎದ್ದು ಓಡಾಡಿ, ಪಾದ ಆಡಿಸಿ.

ವಿಶ್ವನಾಥನ್ ಆನಂದ್ 2010ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಟೋಪಲೋವ್ ವಿರುದ್ಧ ಪಟ್ಟ ಉಳಿಸಿಕೊಳ್ಳಬೇಕಿತ್ತು. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತವು. ಜರ್ಮನಿಯಿಂದ ಸುಮಾರು 40 ಗಂಟೆ ರಸ್ತೆಯಲ್ಲೇ ಹೋದರು. ಮೂರು ದಿನ ಮುಂದೂಡಿ ಎಂದು ಕೇಳಿದರೆ ಒಂದು ದಿನ ಸಿಕ್ಕಿತು. ಮೊದಲ ಆಟ ಸೋತರು. ಆದರೆ ಎರಡನೇ ಆಟ ಗೆದ್ದರು, ಕೊನೆಯ 12ನೇ ಆಟ ಗೆದ್ದು ಪಟ್ಟವನ್ನೂ ಉಳಿಸಿಕೊಂಡರು. ಮಕ್ಕಳೇ, ಮೊದಲ ಸುತ್ತು ಸೋತವರು ಈ ಕಥೆ ನೆನಪಿಟ್ಟುಕೊಳ್ಳಿ.

ಮನಸ್ಸಿಗೆ ಬೀಳುವ ಪೆಟ್ಟು

ಕಣ್ಣಿಗೆ ಕಾಣದ ಗಾಯ ಇದು, ನನಗೆ ಹೆಚ್ಚು ಚಿಂತೆ ಹುಟ್ಟಿಸುವುದೂ ಇದೇ. ಕ್ರಿಕೆಟ್‌ನಲ್ಲಿ ಸೋತರೆ ಮಳೆ, ಪಿಚ್, ಅಂಪೈರ್, ಜೊತೆಯ ಹತ್ತು ಜನ ಇದ್ದಾರೆ. ಚೆಸ್‌ನಲ್ಲಿ ಸೋತ ಮಗು ಒಂಟಿ. ಹೊರಗೆ ಬಂದರೆ ಬಾಗಿಲಲ್ಲೇ ಅಪ್ಪ, “ಏನಾಯ್ತು? ಆ ಕುದುರೆ ಯಾಕೆ ಬಿಟ್ಟೆ?” ಆಮೇಲೆ ರೇಟಿಂಗ್ ಎಷ್ಟು ಇಳಿಯಿತು ಎಂಬ ಲೆಕ್ಕ. ಹೊಟ್ಟೆನೋವು, ವಾಂತಿ, ಪಂದ್ಯದ ದಿನ ಬೆಳಗ್ಗೆ ಮಾತ್ರ ಬರುವ ಜ್ವರ, ಉಗುರು ಕಚ್ಚುವುದು, ರಾತ್ರಿ ಬೆಚ್ಚುವುದು ಇವೆಲ್ಲ ಮಗು ಬಾಯಿ ಬಿಟ್ಟು ಹೇಳಲಾಗದ್ದನ್ನು ಹೇಳುವ ರೀತಿ.

ಅಪ್ಪಂದಿರೇ, ಅಮ್ಮಂದಿರೇ, ದಯವಿಟ್ಟು ಒಂದು ಪದ್ಧತಿ ಇಟ್ಟುಕೊಳ್ಳಿ. ಮಗು ಹೊರಗೆ ಬಂದ ಮೊದಲ ಅರ್ಧ ಗಂಟೆ ಆಟದ ಮಾತು ಬೇಡ. ನೀರು ಕೊಡಿ, ತಿನ್ನಲು ಕೊಡಿ, ಗೆಳೆಯರ ಜೊತೆ ಬಿಡಿ. ತಪ್ಪುಗಳನ್ನು ಮರುದಿನ ಕೋಚ್ ನೋಡಲಿ. ಸಾಲ ಮಾಡಿ ಕೋಚಿಂಗ್ ಕೊಡಿಸಿದ್ದೇವೆ ಎಂಬ ಮಾತು ಮಗುವಿನ ಕಿವಿಗೆ ಬೀಳದಿರಲಿ. ನಮ್ಮಂಥ ಮನೆಗಳಲ್ಲಿ ಪ್ರವೇಶ ಶುಲ್ಕ, ಬಸ್ ಖರ್ಚು ಹೊಂದಿಸುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಆ ಭಾರ ನಮ್ಮ ಹೆಗಲ ಮೇಲಿರಬೇಕು, ಹತ್ತು ವರ್ಷದ ಹೆಗಲ ಮೇಲಲ್ಲ.

ಮೊಬೈಲ್ ಆಟ ಒಂದು ವರವೂ ಹೌದು. ಕೋಚ್ ಇಲ್ಲದ ಮಗು ಅದರಿಂದಲೇ ಕಲಿಯುತ್ತದೆ. ಆದರೆ ಸೋತಾಗ ಇನ್ನೊಂದು, ಇನ್ನೊಂದು ಎಂದು ಮೂರು ನಿಮಿಷದ ಆಟ ರಾತ್ರಿ ಒಂದರವರೆಗೆ ಎಳೆಯುತ್ತದೆ. ಎರಡು ಆಟ ಸತತ ಸೋತರೆ ಆ ದಿನಕ್ಕೆ ಮುಗಿಯಿತು ಎಂದು ಮನೆಯಲ್ಲಿ ನಿಯಮ ಮಾಡಿ. ಮಲಗುವ ಒಂದು ಗಂಟೆ ಮೊದಲು ಫೋನ್ ಅಮ್ಮನ ಕೈಗೆ ಹೋಗಲಿ. ಬಿಡಿಸಲಾಗದಷ್ಟು ಅಂಟಿಕೊಂಡಿದ್ದರೆ ನಮ್ಮ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಮಗು ಮಂಕಾಗಿದ್ದರೆ, ಬದುಕು ಬೇಡ ಎಂಬಂಥ ಮಾತಾಡಿದರೆ ತಡ ಮಾಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಿರಿಯ ಆಟಗಾರರಿಗೆ

ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಂಜೆ ಬೋರ್ಡ್ ಹಾಸುವ ನಿವೃತ್ತರೂ ಇಲ್ಲಿದ್ದಾರೆ. 2014ರಲ್ಲಿ ನಾರ್ವೆಯ ಟ್ರೋಮ್ಸೋದಲ್ಲಿ ಒಲಿಂಪಿಯಾಡ್‌ನ ಕೊನೆಯ ಸುತ್ತಿನಲ್ಲಿ 67 ವರ್ಷದ ಆಟಗಾರರೊಬ್ಬರು ಆಡುತ್ತಿರುವಾಗಲೇ ಕುಸಿದು ತೀರಿಕೊಂಡರು. ಚೆಸ್ ಆಡಿದರೆ ಹೃದಯ ನಿಲ್ಲುತ್ತದೆ ಎಂದು ಇದರ ಅರ್ಥವಲ್ಲ. ಒಳಗೆ ಕಾಯಿಲೆಯಿರುವ ಹೃದಯಕ್ಕೆ ಒತ್ತಡ ಹೊರೆಯಾಗಬಹುದು, ಅಷ್ಟೇ. ಬಿ.ಪಿ. ಮಾತ್ರೆ ತಪ್ಪಿಸಬೇಡಿ, ಬೀಡಿ ಸಿಗರೇಟು ಬಿಡಿ, ಬೋರ್ಡ್ ಹಾಸುವ ಮೊದಲು ಅರ್ಧ ಗಂಟೆ ನಡೆಯಿರಿ. ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ ಆಟ ಗೆಲ್ಲುತ್ತಿದ್ದರೂ ಎದ್ದು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ಹಾಗೆಯೇ ಯಾವ ವಯಸ್ಸಿನವರೇ ಆಗಲಿ, ಕೈ ಜೋಮು ಹಿಡಿದು ಬಲ ಕಡಿಮೆಯಾದರೆ, ರಾತ್ರಿ ಎಬ್ಬಿಸುವ ಬೆನ್ನುನೋವಿದ್ದರೆ, ವಾಂತಿ ಜೊತೆಗೆ ತಲೆನೋವು ಬಂದರೆ, ಕಣ್ಣು ಕತ್ತಲಿಟ್ಟು ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಶಾಲೆ ಏನು ಮಾಡಬಹುದು

ನಾನು ಕೇಳುವುದು ನಾಲ್ಕೇ ಸಂಗತಿ. ಒಂದು, ಚೆಸ್ ಮಕ್ಕಳ ಪಿ.ಟಿ. ಪೀರಿಯಡ್ ಯಾವ ಕಾರಣಕ್ಕೂ ಕಿತ್ತುಕೊಳ್ಳಬೇಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಯುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು, ಚೆಸ್ ಅಭ್ಯಾಸದ ನಡುವೆ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸಿ. ಮೂರು, ಹೋಬಳಿ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಕಳಿಸುವಾಗ ಕಬಡ್ಡಿ ತಂಡಕ್ಕೆ ಕೊಡುವಂತೆ ಇವರಿಗೂ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ಜೊತೆಗೊಬ್ಬ ಶಿಕ್ಷಕರು ಇರಲಿ. ನಾಲ್ಕು, ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ಕಣ್ಣು, ಬೆನ್ನು ಪರೀಕ್ಷೆ ಆಗಲಿ. ಬೆನ್ನು ನೋಡುವ ಕೆಲಸ ನಾನೇ ಬಂದು ಮಾಡಿಕೊಡುತ್ತೇನೆ, ಇದು ಈ ವೇದಿಕೆಯ ಮೇಲೆ ಕೊಡುತ್ತಿರುವ ಮಾತು.

ಕೊನೆಯದಾಗಿ ಊರಿನವರಿಗೆ ಒಂದು ಮಾತು. ನಾವು ಓದುವಾಗ ಕಲ್ಕೆರೆ ಕಡೆ, ಹೊರಮಾವು ಕಡೆ ಖಾಲಿ ಜಾಗಕ್ಕೆ ಬರವಿರಲಿಲ್ಲ. ಶಾಲೆ ಬಿಟ್ಟರೆ ಊರೆಲ್ಲ ಮೈದಾನವೇ. ಈಗ ನಾಲ್ಕೂ ದಿಕ್ಕಿಗೆ ಅಪಾರ್ಟ್‌ಮೆಂಟ್, ಅಂಗಡಿ, ಪಾರ್ಕಿಂಗ್. ಎಷ್ಟೋ ಮಕ್ಕಳಿಗೆ ಓಡಲು ಉಳಿದಿರುವುದು ಶಾಲೆಯ ಅಂಗಳ ಒಂದೇ. ಸುವರ್ಣ ಮಹೋತ್ಸವದ ನೆನಪಿಗೆ ಹೊಸ ಕಟ್ಟಡ ಕಟ್ಟೋಣ ಎಂಬ ಮಾತು ಇಂಥ ಸಂದರ್ಭದಲ್ಲಿ ಎಲ್ಲೆಡೆ ಬರುತ್ತದೆ, ಒಳ್ಳೆಯದೇ. ಕಟ್ಟುವುದಾದರೆ ಅಂಗಳ ಉಳಿಸಿ ಕಟ್ಟೋಣ. ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಿ ಅಂಗಳದ ಅಂಚಿಗೆ ನಾಲ್ಕು ಹೊಂಗೆ ಗಿಡ ನೆಡೋಣ, ನೆರಳಲ್ಲಿ ಎರಡು ಕಲ್ಲಿನ ಚೆಸ್ ಮೇಜು ಹಾಕಿಸೋಣ, ಮಕ್ಕಳ ಅಳತೆಗೆ ಒಂದು, ದೊಡ್ಡವರ ಅಳತೆಗೆ ಒಂದು. ಮಕ್ಕಳು ಅಲ್ಲಿ ಒಂದು ಆಟ ಆಡಲಿ, ಆಮೇಲೆ ಎದ್ದು ಮೈದಾನಕ್ಕೆ ಓಡಲಿ.

ಇಷ್ಟು ಹೊತ್ತು ಅಲುಗಾಡದೆ ಕೂತು ಕೇಳಿದ್ದೀರಿ. ಈಗ ಎಲ್ಲರೂ ಒಮ್ಮೆ ಎದ್ದು ಮೈ ಮುರಿಯಿರಿ.